ಕರೆಯಲು ಬರುವವರು

ನಕ್ಷೆ ಹಾಸಲು ಸಿಂದಗಿಯ ಆ ಮನೆಯಲ್ಲಿ ಪಡಸಾಲೆಯ ನೆಲ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಬೆಳಗಿನಿಂದ ಲಾಲಬಿ ಅಡುಗೆಮನೆಗೂ ಅಂಗಳಕ್ಕೂ ಗೋಡೆಗೆ ಬೆನ್ನು ಒರೆಸಿಕೊಂಡೇ ಓಡಾಡುತ್ತಿದ್ದಳು, ನಿರಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದು, ಕಾಲು ತಾಗಿ ಎಲ್ಲಿ ಒಂದು ತಾಲೂಕು ಮಡಚಿಬಿಡುತ್ತದೋ ಎಂಬಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಅವಳ ಗಂಡ ಮೋದಿನಸಾಬನ ಮೊಣಕಾಲಿನ ಕೆಳಗೆ ಮಲಗಿದ್ದವು. ಗಾಳಿಗೆ ಏಳದಂತೆ ಒಂದು ಮೂಲೆಗೆ ಖಾರ ಅರೆಯುವ ಗುಂಡು, ಇನ್ನೊಂದಕ್ಕೆ ತಂಬಿಗೆ, ಮೂರನೆಯದಕ್ಕೆ ಅತ್ತೆ ಖಾತುನಬಿಯ ಎಲೆಯಡಿಕೆ ಡಬ್ಬಿ. ನಾಲ್ಕನೆಯದಕ್ಕೆ ಏನೂ ಸಿಗದೆ ಅವನೇ ಕೂತಿದ್ದ. ಬಸ್ಸಿನ ಖಾತೆಯವರು ಅವನಿಗೆ ಒಪ್ಪಿಸಿದ ಕೆಲಸ ದೊಡ್ಡದು. ಮುಂದಿನ ಹದಿನೈದು ವರ್ಷಗಳಲ್ಲಿ ಈ ನಾಲ್ಕು ತಾಲೂಕುಗಳ ಒಳಗೆ ಬಸ್ಸು ಎಲ್ಲೆಲ್ಲಿ ಓಡಬೇಕು, ಯಾವುದು ಮೊದಲ ಹಂತ, ಯಾವುದು ಎರಡನೆಯದು, ಯಾವುದು ಕೊನೆಯದು ಎಂದು ಅವನು ಗೆರೆ ಹಾಕಿ ಕೊಡಬೇಕು. ನಾಳೆ ವಿಜಾಪುರದಲ್ಲಿ ಸಭೆ. ಅಲ್ಲಿ ಪೆನ್ಸಿಲಿನ ಗೆರೆಗಳ ಮೇಲೆ ಶಾಯಿ ಬೀಳುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ.

ಯೋಜನೆಯ ಗುರಿಗಳನ್ನು ಅವನು ಬಾಯಿಪಾಠ ಮಾಡಿದ್ದ. ಎಪ್ಪತ್ತೇಳನೆಯ ಇಸವಿಯೊಳಗೆ ಯಾವ ಹಳ್ಳಿಯವರೂ ಬಸ್ಸಿಗಾಗಿ ಮೂರು ಮೈಲಿಗಿಂತ ಹೆಚ್ಚು ನಡೆಯಬಾರದು. ಮುದ್ದೇಬಿಹಾಳದವನು ಇಂಡಿಗೆ ಹೋಗಲು ವಿಜಾಪುರದ ಸ್ಟ್ಯಾಂಡಿನಲ್ಲಿ ಮಲಗಿ ಏಳಬಾರದು. ಸಂತೆಗೆ ಹೋದವರು ಅದೇ ದಿನ ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಮುಚ್ಚಿಹೋಗುವ ದಾರಿಗಳಿಗೆ ಮೊದಲು ಖಡಿ ಬೀಳಬೇಕು. ಇದನ್ನು ಹೇಳುವಾಗ ಅವನ ದನಿ ಇವಳಿಗೆ ಗುರುತಿಲ್ಲದ ಇನ್ನೊಬ್ಬನ ದನಿಯಾಗುತ್ತಿತ್ತು. ಅದು ಮೆತ್ತಗೆ, ಸ್ವಲ್ಪ ಉದ್ದಕ್ಕೆ, ಯಾರನ್ನೋ ಸಮಾಧಾನ ಮಾಡುವಂತೆ ಇರುತ್ತಿತ್ತು. ತನ್ನ ಜೊತೆ ಅವನು ಆ ದನಿಯಲ್ಲಿ ಮಾತಾಡಿದ್ದು ಅವಳಿಗೆ ನೆನಪಿಲ್ಲ. ಖಾತುನಬಿ ಎಲೆಗೆಂದು ಡಬ್ಬಿ ಎತ್ತಿಕೊಂಡಾಗಲೆಲ್ಲ ಆ ಮೂಲೆ ಸುರುಳಿಯಾಗಿ ಕೊಲ್ಹಾರದ ಹೊಳೆ ಒಳಗೆ ಉರುಳಿ ಬರುತ್ತಿತ್ತು, ಅವನು ಗೊಣಗುತ್ತಿದ್ದ. "ನನ್ನ ಮಗ ಕಾಗದದ ಮ್ಯಾಲ ಬಸ್ ಬಿಡ್ತಾನವ್ವ" ಎಂದಳು ಅತ್ತೆ, ಸುಣ್ಣ ಸವರುತ್ತ. "ಡ್ರೈವರ್ ಬ್ಯಾಡ, ಎಣ್ಣಿ ಬ್ಯಾಡ. ಹತ್ತೂದಷ್ಟ ಬಾಕಿ."

ಅಡುಗೆಮನೆಯ ಹೊಸಿಲಲ್ಲಿ ಕೂತು ಹಿಟ್ಟು ಮಿದಿಯುತ್ತಿದ್ದ ನೆಗೆಣ್ಣಿ, ಮೈದುನನ ಹೆಂಡತಿ ಅಬಿದಾ ನಕ್ಕಳು. ಲಾಲಬಿಗೆ ನಗು ಬರಲಿಲ್ಲ. ಸಿಂದಗಿಯಿಂದ ಕೆಳಕ್ಕೆ ಇಳಿದು ಹೂವಿನ ಹಿಪ್ಪರಗಿಯನ್ನು ಮುಟ್ಟಿ ಬಾಗೇವಾಡಿಗೆ ಹೊರಳುವ ಕೆಂಪು ಗೆರೆ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಕೆಂಪು ಎಂದರೆ ಮೊದಲ ಹಂತ. ಹಿಪ್ಪರಗಿ ಅಬಿದಾಳ ತವರು. ಸಿಂದಗಿಯಿಂದ ಮೇಲಕ್ಕೆ ಹೋಗುವ ಗೆರೆ ಇಂಡಿ ದಾಟಿದ ಮೇಲೆ ನೀಲಿಯಾಗುತ್ತಿತ್ತು, ನೀಲಿಯೂ ತುಂಡು ತುಂಡಾಗಿ, ಹರಿದ ದಾರದಂತೆ ಹುಣಶಿಮಡ್ಡಿಯನ್ನು ಹಾದು ಹೊರ್ತಿಯ ಡಾಂಬರು ರಸ್ತೆ ಸೇರುತ್ತಿತ್ತು. ಅದು ಕೊನೆಯ ಹಂತ. ಹುಣಶಿಮಡ್ಡಿ ಅವಳ ತವರು. ಮೊದಲ ಹಂತದಲ್ಲಿ ಸಿಂದಗಿಯಿಂದ ಹೊರಡುವ ಹೊಸ ದಾರಿ ಒಂದಕ್ಕೇ ಮಂಜೂರಿ ಎಂದು ಅವನು ಹೇಳಿದ್ದ. ಒಂದಕ್ಕೆ ಎಂದರೆ ಅದು ಇಬ್ಬರಲ್ಲಿ ಒಬ್ಬಳದು, ಆ ಒಬ್ಬಳು ಯಾರೆಂದು ಯಾರೂ ಹೇಳದೆ ಮನೆಯವರಿಗೆಲ್ಲ ಗೊತ್ತಿತ್ತು. ಹದಿನೈದು ವರ್ಷ ಎಂದರೇನೆಂದು ಅವಳು ಮನಸ್ಸಿನಲ್ಲಿ ಹಿಡಿಯಲು ನೋಡಿದಳು. ವರ್ಷಗಳು ಸಿಗಲಿಲ್ಲ, ಅವ್ವನ ಮುಖ ಸಿಕ್ಕಿತು.

ಹುಣಶಿಮಡ್ಡಿಗೆ ಹೋಗಲು ಈಗ ದಾರಿಯಿಲ್ಲವೆಂದಲ್ಲ. ಸಿಂದಗಿಯಲ್ಲಿ ಹತ್ತಿ ವಿಜಾಪುರದಲ್ಲಿ ಇಳಿದು, ಅಲ್ಲಿ ಸೋಲಾಪುರದ ಬಸ್ಸು ಹಿಡಿದು ಹೊರ್ತಿಯಲ್ಲಿ ಇಳಿದರೆ ಅಲ್ಲಿಂದ ಹಳ್ಳದಗುಂಟ ಕಾಲುದಾರಿ. ದೂರದ ಮಾತಲ್ಲ ಅದು. ಹೆಣ್ಣುಮಗಳು ತವರಿಗೆ ಹೋಗುವುದು ಯಾರಾದರೂ ಕರೆಯಲು ಬಂದಾಗ. ಪಂಚಮಿಗೆ, ಮೊಹರಮ್ಮಿಗೆ, ತಂಗಿಯ ಮದುವೆಗೆ, ಬಾಣಂತನಕ್ಕೆ ಅಣ್ಣನೋ ತಮ್ಮನೋ ಚಕ್ಕಡಿ ಕಟ್ಟಿಕೊಂಡು ಬರಬೇಕು, ಕಟ್ಟೆಯ ಮೇಲೆ ಕೂತು ನೀರು ಕುಡಿಯಬೇಕು, ಬೀಗರ ಜೊತೆ ಮಳೆಯ ಮಾತು ಎತ್ತು ಹೋರಿಯ ಮಾತು ಮುಗಿಸಿ, ಕೊನೆಗೆ ಗೊತ್ತೇ ಇಲ್ಲದವನಂತೆ "ತಂಗೀನ ಕಳಸ್ರಿ" ಎನ್ನಬೇಕು. ಕರೆಯದೆ ಒಬ್ಬಳೇ ಊರಬಾಗಿಲಿನ ಅಗಸಿಯೊಳಗೆ ಕಾಲಿಟ್ಟವಳನ್ನು ಊರು ಒಂದೇ ಪ್ರಶ್ನೆ ಕೇಳುತ್ತದೆ: ಯಾಕ, ಗಂಡ ಬಿಟ್ನೇನು? ಅವಳ ಅಣ್ಣ ಫಕೀರಸಾಬ ಸೋಲಾಪುರದ ಗಿರಣಿಗೆ ಹೋದ ಮೇಲೆ ಮೊದಲು ಪಂಚಮಿ ತಪ್ಪಿತು, ಆಮೇಲೆ ಮೊಹರಮ್ಮು, ಆಮೇಲೆ ಅವನೇ ತಪ್ಪಿದ. ಗಂಡ ಒಮ್ಮೆ ಕರೆದುಕೊಂಡು ಹೋಗಿ ಬಿಟ್ಟು ಬಂದಿದ್ದ. ಅಳಿಯನಿಗೆ ಅವ್ವ ಎರಡು ಕೋಳಿ ಕೊಯ್ದು ಆಮೇಲೆ ತಿಂಗಳು ಬರಿ ಗಂಜಿ ಕುಡಿದಳೆಂದು ಊರವರಿಂದ ತಿಳಿದು, ಇನ್ನು ಬ್ಯಾಡ ಎಂದವಳೂ ಇವಳೇ. ಆದರೆ ಊರಿಗೇ ಬಸ್ಸು ಬಂದರೆ ಮಾತು ಬೇರೆ. ಬಸ್ಸು ಇತ್ತು, ಹತ್ತಿದೆ, ಬಂದೆ. ಯಾಕೆ ಬಂದೆ ಎಂದು ಬಸ್ಸಿನಿಂದ ಇಳಿದವರನ್ನು ಯಾರೂ ಕೇಳುವುದಿಲ್ಲ. ಬಸ್ಸು ಬಂದದ್ದೇ ಕಾರಣವಾಗುತ್ತದೆ.

ಅಬಿದಾಳಿಗೆ ಮೂವರು ಅಣ್ಣಂದಿರು. ದೊಡ್ಡವನು ಮೀರಾಸಾಬ ಬರುವ ದಿನ ಅವಳು ಬೆಳಗಿನಿಂದಲೇ ಬಾಗಿಲಿಗೆ ಕಣ್ಣು ಹಚ್ಚಿಕೊಂಡು ಏನೂ ಇಲ್ಲದವಳಂತೆ ಅಂಗಳ ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಎತ್ತಿನ ಕೊರಳ ಸದ್ದು ಓಣಿಯ ತಿರುವಿನಲ್ಲಿ ಕೇಳಿದಾಗ ಲಾಲಬಿಯ ಎದೆಯೂ ಒಮ್ಮೆ ಹಾರುತ್ತಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ನಾಚಿಕೆಯ ಸಂಗತಿ. ತನ್ನದಲ್ಲವೆಂದು ಗೊತ್ತಿದ್ದೂ ಹಾರುತ್ತಿತ್ತು. ಆಮೇಲೆ ಅವಳೇ ಮೀರಾಸಾಬನಿಗೆ ಕಾಲಿಗೆ ನೀರು ಕೊಡಬೇಕು, ಹಿರಿಯಳಾದ್ದರಿಂದ ಅವಳೇ ರೊಟ್ಟಿ ಬಡಿಯಬೇಕು, "ನಿಮ್ಮ ಕೈಯಾಗಿನ ರೊಟ್ಟಿ ಭಾಳ ತೆಳ್ಳಗ ನೋಡ್ರಿ ಅಕ್ಕಾರ" ಎಂದು ಅವನು ಹೊಗಳುವಾಗ ಸೆರಗು ಮುಂದೆಳೆದು ನಗಬೇಕು. ಚಕ್ಕಡಿ ಹೊರಟು ಧೂಳು ಕೂತ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತಿತ್ತು. ಪಾತ್ರೆಗಳು ಮಾತ್ರ ಅಷ್ಟೇ ಇರುತ್ತಿದ್ದವು, ಅವನ್ನು ಒಬ್ಬಳೇ ತಿಕ್ಕುತ್ತಿದ್ದಳು. ಈಗ ಅಣ್ಣನೂ ಅವಳಿಗೆ, ಬಸ್ಸೂ ಅವಳಿಗೆ. ಇದ್ದವರ ಮನೆಗೇ ಎಲ್ಲವೂ ದಾರಿ ಕೇಳಿಕೊಂಡು ಹೋಗುತ್ತದೆ.

ಮತ್ತು ಆ ಗೆರೆ ಹುಟ್ಟಿದ ಬಗೆ. ಚಳಿಗಾಲದಲ್ಲಿ ಒಂದು ದಿನ ಅವನು ಹಿಪ್ಪರಗಿಯ ದಾರಿಯಲ್ಲಿ ಹಳ್ಳ ಎಲ್ಲಿ ಅಡ್ಡ ಬರುತ್ತದೆಂದು ತಿಳಿಯದೆ ಪೆನ್ಸಿಲು ಕಡಿಯುತ್ತ ಕೂತಿದ್ದ. ಅಬಿದಾ ಭಾವನೆದುರು ನೇರ ಮಾತಾಡುವವಳಲ್ಲ. ಬಾಗಿಲ ಮರೆಯಿಂದ, "ಅತ್ತಿ, ಭಾವಗ ಹೇಳ್ರಿ, ಹಳ್ಳ ದಾಟಿದ ಮ್ಯಾಲ ದಾರಿ ಎರಡಾಗ್ತೈತಿ, ಎಡಕಿಂದು ಮಳ್ಯಾಗ ನಡೆಯಂಗಿಲ್ಲ" ಎಂದಳು. ಖಾತುನಬಿ ಮಗನ ಕಡೆ ತಿರುಗಿ ಅದನ್ನೇ ಹೇಳಿದಳು. ಅವನು ತಾಯಿಗೆ ಕೇಳಿದ, ತಾಯಿ ಸೊಸೆಗೆ ಕೇಳಿದಳು. ಹೀಗೆ ನಾಲ್ಕಾರು ಸಲ ಆದ ಮೇಲೆ ಮುದುಕಿ ಬೇಸತ್ತು, "ನನ್ನ ಬಾಯೇನು ಬಸ್ ಸ್ಟ್ಯಾಂಡೇನು, ನೀವ ಮಾತಾಡ್ರಿ ಅತ್ಲಾಗ" ಎಂದು ಎದ್ದು ಹೋದಳು. ಆಮೇಲೆ ಅಬಿದಾ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಹೊಸಿಲಿನ ಈಚೆ ಕೂತು ಅವನಿಗೆ ದಾರಿ ಹೇಳಿದಳು. ಇಲ್ಲಿ ಬೇವಿನ ಮರ, ಇಲ್ಲಿ ಎತ್ತು ನೀರು ಕುಡಿಯುವ ಗುಂಡಿ, ಇಲ್ಲಿ ಬಂದರೆ ಅಣ್ಣ ಹಾಡತೊಡಗುತ್ತಾನೆ. ಅವನು ಗಂಭೀರವಾಗಿ ಎಲ್ಲವನ್ನೂ ಗುರುತು ಹಾಕಿಕೊಂಡ, ಹಾಡನ್ನು ಬಿಟ್ಟು. ಆ ದಿನ ಅವನು ಆ ಮೆತ್ತನೆಯ ದನಿಯಲ್ಲಿ "ಹೌದೇನವಾ? ಮುಂದ?" ಎನ್ನುತ್ತಿದ್ದ. ಒಲೆಯ ಮುಂದೆ ಕೂತ ಲಾಲಬಿ ತನ್ನ ಸರದಿಗೆ ಕಾದಿದ್ದಳು. ಹುಣಶಿಮಡ್ಡಿಯ ದಾರಿ ಕೇಳಿಯಾನು, ಹಳ್ಳದ ಸೆಳವು, ಕರಿಕಲ್ಲಿನ ದರ್ಗಾ, ಹೊಲದ ಬದುವಿನಲ್ಲಿ ಸೀರೆ ಹಿಡಿಯುವ ಜಾಲಿ ಎಲ್ಲವನ್ನೂ ಹೇಳಬಹುದು ಎಂದುಕೊಂಡಿದ್ದಳು. ಅವನು ಕೇಳಲಿಲ್ಲ. ಆ ಊರು ತನಗೆ ಗೊತ್ತಿದೆ ಎಂದುಕೊಂಡಿದ್ದ, ಮದುವೆಗೊಮ್ಮೆ, ಇವಳನ್ನು ಬಿಡಲೊಮ್ಮೆ ಹೋಗಿದ್ದನಲ್ಲ.

ಆದರೂ ಗೆರೆಯ ಬಣ್ಣವನ್ನು ತಾನು ಹಚ್ಚಿದ್ದಲ್ಲ, ಹುಣಸೆ ಬೀಜ ಹಚ್ಚಿದ್ದು ಎನ್ನುತ್ತಿದ್ದ ಅವನು. ಅದು ಅವನದೇ ಉಪಾಯ, ಅದರ ಬಗ್ಗೆ ಅವನಿಗೆ ಹೆಮ್ಮೆ. ಬಸ್ಸೇ ಇಲ್ಲದ ಊರಲ್ಲಿ ಟಿಕೀಟು ಎಣಿಸಲು ಬರುವುದಿಲ್ಲ. ಎಷ್ಟು ಜನ ಊರು ಬಿಟ್ಟು ಹೊರಗೆ ಹೋಗುತ್ತಾರೆಂದು ತಿಳಿಯಬೇಕು. ಊರ ಕಾವಲಿನ ವಾಲೀಕಾರರಿಗೆ ಓದು ಬಾರದು. ಆದ್ದರಿಂದ ಊರಿಗೊಂದು ಮಣ್ಣಿನ ಕುಡಿಕೆ ಕೊಟ್ಟು, ಅಗಸಿಯಲ್ಲಿ ಕೂತು ಹೊರಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ಬೀಜ ಹಾಕಿರೆಂದು ಹೇಳಿದ್ದ. ಸುಗ್ಗಿ ಮುಗಿದ ಮೇಲೆ ಬಾಯಿಗೆ ಅರಿವೆ ಕಟ್ಟಿದ ಕುಡಿಕೆಗಳು ಮನೆಗೆ ಬಂದವು. ಕಾಳು ಹಸನು ಮಾಡಿ ಕೈ ನುರಿತ ಹೆಂಗಸರೇ ಮೊರದಲ್ಲಿ ಸುರಿದು ಎಣಿಸಿದರು. ಹಿಪ್ಪರಗಿಯ ಕುಡಿಕೆ ಎತ್ತುವಾಗ ಅಬಿದಾ "ಯವ್ವಾ, ನಮ್ಮೂರು ವಜ್ಜಿ ಐತಿ" ಎಂದಿದ್ದಳು. ಹುಣಶಿಮಡ್ಡಿಯದನ್ನು ಲಾಲಬಿ ಒಂದೇ ಕೈಯಲ್ಲಿ ಎತ್ತಿದ್ದಳು. ಅರ್ಧ ತುಂಬಿದ ಕುಡಿಕೆಯೊಳಗೆ ಬೀಜಗಳು ಬಡಬಡ ಎಂದವು. ಊರೆಂದರೆ ಅಷ್ಟೇ ಎಂದು ಅವಳಿಗೂ ಅನಿಸಿ, ಆ ಕ್ಷಣ ಅವ್ವನ ಮೇಲೆ ಸಿಟ್ಟು ಬಂದಿತ್ತು.

ಊಟದ ಹೊತ್ತಿಗೆ ಮೋದಿನಸಾಬ ಕಚೇರಿಗೆ ಹೋಗಿ ಬರುತ್ತೇನೆಂದು ಹೊರಟ. ನಕ್ಷೆಯನ್ನು ಎತ್ತದೆ ಹಾಗೇ ಬಿಟ್ಟ. ಅವನು ಹೋದ ಸ್ವಲ್ಪದರಲ್ಲೇ ಕಟ್ಟೆಯ ಮೇಲೆ ಕೆಮ್ಮಿನ ಸದ್ದಾಯಿತು. ಹುಣಶಿಮಡ್ಡಿಯ ವಾಲೀಕಾರ ಮಾಳಿಂಗಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನನ್ನು ಕಂಡದ್ದೇ ಲಾಲಬಿಯ ಎದೆ ಹಾರಿತು. ಅವ್ವ ಕಳಿಸಿದ್ದಾಳೆ, ಕರೆಯಲು ಬಂದಿದ್ದಾನೆ. ಆದರೆ ಅವನು ತನ್ನ ಮಗಳನ್ನು ಕರೆಯಲು ಬಂದಿದ್ದ. ಆಕೆಯನ್ನು ಇಲ್ಲೇ ಸಿಂದಗಿಯ ಬಾವಿ ಓಣಿಯಲ್ಲಿ ಕೊಟ್ಟಿದೆ, ಚೊಚ್ಚಲು ಬಾಣಂತನ, ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಬಂದದ್ದಕ್ಕೆ ಇವಳನ್ನೂ ಮಾತಾಡಿಸಿ ಹೋಗೋಣವೆಂದು ಬಂದ. ವಾಲೀಕಾರನ ಮಗಳನ್ನೂ ಕರೆಯಲು ಬರುತ್ತಾರೆ ಎಂದು ಅವಳ ಮನಸ್ಸು ಹೇಳಿತು. ಹೇಳಿದ್ದಕ್ಕೆ ನಾಚಿಕೊಂಡು ಅವನಿಗೆ ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಹಾಕಿದಳು. ಅಬಿದಾ ಮತ್ತು ಅತ್ತೆ ಒಳಗೆ ಮಲಗಿದ್ದರು.

ಅವ್ವ ಗಟ್ಟಿಯಾಗಿದ್ದಾಳೆ ಎಂದ ಅವನು, ಕಣ್ಣು ಮಾತ್ರ ಮಂಜಾಗುತ್ತ ಬಂದಿದೆ. ಒಂದು ಕಣ್ಣು ಹೋದಂತೆಯೇ. ಆದರೂ ತತ್ತಿ ಬುಟ್ಟಿ ಹೊತ್ತುಕೊಂಡು ಯಾರದಾದರೂ ಹೆಗಲು ಹಿಡಿದು ಹೊರ್ತಿ ಸಂತೆಗೆ ತಪ್ಪದೆ ಹೋಗುತ್ತಾಳೆ. "ಮಾರಿ ಕಾಣೂದ್ರಾಗ ಒಮ್ಮಿ ಬಂದು ಹೋಗಂತ ಹೇಳು ಅಂದಾರ್ರಿ ತಾಯಿ" ಎಂದ. ಅವಳು ಅವನ ತಾಟಿಗೆ ಪಲ್ಯೆ ಬಡಿಸಿದಳು. ಏನಾದರೂ ಹೇಳಬೇಕಿತ್ತು. ಅವ್ವನ ಕಣ್ಣಿನ ಬಗ್ಗೆ ಹೇಳಲಾಗದೆ, ಸಂತೆಗೆ ಅಷ್ಟು ಜನ ಹೋಗುವುದಾದರೆ ಕುಡಿಕೆಯಲ್ಲಿ ಬೀಜ ಯಾಕೆ ಅಷ್ಟು ಕಡಿಮೆ ಬಂದವೆಂದು ಕೇಳಿದಳು, ಜಗಳ ತೆಗೆಯುವವಳಂತೆ.

"ಹಾಕೇನಲ್ರಿ. ಗಂಡಸರು ಹೋದ್ರ ಒಂದೊಂದು. ಚಕ್ಕಡಿ ಹೋದ್ರ ಹೊಡ್ಯಾವಂದು ಒಂದು."

"ಮತ್ತ ಒಳಗ ಕುಂತವರು? ಬುಟ್ಟಿ ಹೊತ್ತವರು?"

ಮಾಳಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವಳು ಕೇಳಬಾರದ್ದನ್ನು ಕೇಳಿದಳೆಂಬಂತೆ ಕಣ್ಣು ಕೆಳಗೆ ಹಾಕಿದ. "ಹೆಣ್ಮಕ್ಕಳನ್ನ ಅಗಸ್ಯಾಗ ಕುಂತು ಎಣಸಾಕ ಬರ್ತೈತೇನ್ರಿ? ಊರಾಗ ನನ್ನ ಮಾರಿಗೆ ಉಗಳ್ತಾರ. ಅವರು ಬಂದ್ರ ನಾ ಆ ಕಡಿ ಹೊಳ್ಳಿ ಕುಂಡರ್ತಿದ್ದೆ. ನಿಮ್ಮ ಅವ್ವಾರು ಬಂದ್ರ ಎದ್ದು ನಿಲ್ತಿದ್ದೆ. ಬೀಜ ಮಾತ್ರ ಹಾಕಿಲ್ಲ, ನಿಮ್ಮ ಅಲ್ಲಾನ ಆಣಿ." ನಂತರ ತನ್ನ ಮರ್ಯಾದೆಗೆ ಸಾಕ್ಷಿ ಬೇಕೆನಿಸಿ ಹೇಳಿದ: ಕುಡಿಕೆ ಹಂಚಿದ ದಿನ ಇಲ್ಲೇ ಕಚೇರಿಯ ಮುಂದೆ ಎಲ್ಲಾ ಊರಿನ ವಾಲೀಕಾರರೂ ಕೂತು ಮಾತಾಡಿಕೊಂಡಿದ್ದರು, ಸಾಹೇಬರು ಹೆಣ್ಣುಮಕ್ಕಳನ್ನು ಎಣಿಸಿರಿ ಎಂದಿರಲಿಕ್ಕಿಲ್ಲ, ಎಂಥ ಮನೆತನದವರು. ಹಿಪ್ಪರಗಿಯವನೂ, ಬಾಗೇವಾಡಿ ಕಡೆಯವರೂ ಎಲ್ಲರೂ ಹಾಗೇ ಮಾಡಿದ್ದರು.

ಅವನು ಹೋದ ಮೇಲೆ ಅವಳು ನಕ್ಷೆಯ ಮುಂದೆ ನಿಂತಳು. ಇಷ್ಟೊಂದು ಊರುಗಳು, ಇಷ್ಟೊಂದು ಅಗಸಿಗಳು, ಪ್ರತಿಯೊಂದರಲ್ಲೂ ಒಬ್ಬ ಗಂಡಸು ಗೌರವದಿಂದ ಮುಖ ಆಚೆ ತಿರುಗಿಸಿ ಕೂತಿದ್ದಾನೆ, ಅವನ ಬೆನ್ನ ಹಿಂದೆ ಹೆಂಗಸರು ಬುಟ್ಟಿ ಹೊತ್ತು, ಕೂಸು ಹೊತ್ತು, ಚಕ್ಕಡಿಯ ಸೀರೆ ಪರದೆಯೊಳಗೆ ಕೂತು ಹೋಗುತ್ತಲೇ ಇದ್ದಾರೆ. ಅವಳಿಗೆ ಮೊದಲು ನಗು ಬಂತು. ನಂತರ, ನಗು ಇನ್ನೂ ಆರುವ ಮೊದಲೇ, ಎಂಥದೋ ತಣ್ಣಗಿನ ಲೆಕ್ಕ ಮನಸ್ಸಿನೊಳಗೆ ತಾನೇ ಆಗತೊಡಗಿತು. ಗಂಡನಿಗೆ ಎಲ್ಲವನ್ನೂ ಹೇಳಿದರೆ ಅವನು ಎಲ್ಲಾ ಊರಿಗೂ ಹೆಂಗಸರನ್ನು ಸೇರಿಸುತ್ತಾನೆ. ಹಿಪ್ಪರಗಿಯಂಥ ದೊಡ್ಡ ಊರಿಗೆ ಇನ್ನೂ ಹೆಚ್ಚು ಸೇರುತ್ತದೆ. ಕೆಂಪು ಕೆಂಪಾಗಿಯೇ ಉಳಿಯುತ್ತದೆ, ನೀಲಿ ನೀಲಿಯಾಗಿಯೇ. ಹುಣಶಿಮಡ್ಡಿಯದಷ್ಟೇ ಹೇಳಿದರೆ? ಮಾಳಿಂಗಪ್ಪ ಹುಣಶಿಮಡ್ಡಿಯವನು, ಹುಣಶಿಮಡ್ಡಿಯ ಮಾತೇ ಹೇಳಿದ. ಸುಳ್ಳೇನಿಲ್ಲ. ಅರ್ಧ ರೊಟ್ಟಿಯೂ ರೊಟ್ಟಿಯೇ.

ಸಂಜೆಯ ಮೊದಲು ಗಂಡ ಬಂದ. ಚಹಾ ಕೊಟ್ಟು, ಅವನು ಅದನ್ನು ಬಸಿಯ ತಟ್ಟೆಗೆ ಸುರಿದು ಆರಿಸಿಕೊಂಡು ಕುಡಿಯುವವರೆಗೆ ಕಾದು, ಹೇಳಿದಳು. ಅವನು ಬಸಿಯನ್ನು ಕೆಳಗಿಟ್ಟ. ಮುಖ ಸಣ್ಣದಾಯಿತು. ತನ್ನ ಉಪಾಯದೊಳಗೆ ತೂತು ಬಿದ್ದದ್ದನ್ನು ಹೆಂಡತಿಯ ಬಾಯಿಂದ ಕೇಳುವುದು ಅವನಿಗೆ ಸುಲಭವಿರಲಿಲ್ಲ. ಅವನ ಆ ಸಣ್ಣ ಮುಖವನ್ನು ನೋಡಿ ಅವಳಿಗೆ ಒಂದು ಕ್ಷಣ ಎಲ್ಲೋ ಹಿತವಾಯಿತು. ಮಾಳಿಂಗಪ್ಪನನ್ನು ಹುಚ್ಚಪ್ಯಾಲಿ ಎಂದು ಬೈದ. ಬೇರೆ ಊರುಗಳಲ್ಲಿ ಹೇಗೆ ಮಾಡಿದ್ದಾರೆಂದು ಅವನೇನಾದರೂ ಹೇಳಿದನೇ ಎಂದು ಕೇಳಿದ.

"ಅವ ತಮ್ಮೂರಿನ ಸುದ್ದಿ ಹೇಳಿದ್ರಿ" ಎಂದಳು. ದನಿ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಅವಳೇ ಬೆರಗಾದಳು.

ಅವನು ಮತ್ತೆ ನಕ್ಷೆಯ ಮೂಲೆಯ ಮೇಲೆ ಕೂತ. ಗಂಡಸರಷ್ಟೇ ಹೆಂಗಸರೆಂದು ಹಿಡಿದರೂ ಹುಣಶಿಮಡ್ಡಿಯ ಎಣಿಕೆ ದುಪ್ಪಟ್ಟಾಯಿತು, ಹಿಪ್ಪರಗಿಯನ್ನು ಸ್ವಲ್ಪದರಲ್ಲಿ ದಾಟಿತು. ಅವನು ಪ್ರಾಮಾಣಿಕ ಮನುಷ್ಯ. ತಮ್ಮನ ಹೆಂಡತಿಯ ಊರು, ತನ್ನ ಹೆಂಡತಿಯ ಊರು ಎಂಬುದು ಅವನ ತಲೆಯಲ್ಲಿ ಬಂದಿರಲಿಕ್ಕಿಲ್ಲ. ರಬ್ಬರು ತೆಗೆದುಕೊಂಡು ಕೆಂಪನ್ನು ಉಜ್ಜತೊಡಗಿದ. ಕೆಂಪು ಒಮ್ಮೆಗೇ ಹೋಗಲಿಲ್ಲ, ಗುಲಾಬಿಯಾಗಿ ಹರಡಿ, ಆಮೇಲೆ ಕೊಳೆಯಾಗಿ, ಆಮೇಲೆ ಹೋಯಿತು. ಬೇವಿನ ಮರ, ನೀರಿನ ಗುಂಡಿ, ಅಬಿದಾಳ ಅಣ್ಣ ಹಾಡುವ ಜಾಗ. ಲಾಲಬಿ ಗೋಡೆಗೆ ಬೆನ್ನು ಹಚ್ಚಿ ಕೊನೆಯವರೆಗೂ ನೋಡಿದಳು. ನಂತರ ಅಲ್ಲಿ ಕೊನೆಯ ಹಂತದ ನೀಲಿ ತುಂಡುಗಳು ಬಿದ್ದವು, ಇಂಡಿಯಿಂದ ಮುಂದಕ್ಕೆ ಹುಣಶಿಮಡ್ಡಿಗೆ ಕೆಂಪು ಹರಿಯಿತು. ಅವ್ವನ ಕಣ್ಣು ಪೂರ್ತಿ ಹೋಗುವ ಮೊದಲು ಬಸ್ಸಿನ ಸದ್ದು ಹಳ್ಳ ಇಳಿದು ಏರುವುದನ್ನು, ಕೋಳಿಗಳು ಚೆದುರುವುದನ್ನು, ಅಗಸಿಯಲ್ಲಿ ಬಾಗಿಲು ತೆಗೆದು ತನ್ನ ಕಾಲು ಮೊದಲ ಮೆಟ್ಟಿಲಿಗೆ ಬರುವುದನ್ನು ಅವಳು ಕಂಡಳು. ಆದರೆ ಇಳಿದವಳು ತಾನಾದರೂ ಮನಸ್ಸು ಅಬಿದಾಳ ಮುಖಕ್ಕಾಗಿ ಹುಡುಕಿತು. ಅವಳು ನೋಡಬೇಕು. ಅವಳು ನೋಡದಿದ್ದರೆ ಇಳಿದದ್ದೇ ಆಗಲಿಲ್ಲ.

ಅಬಿದಾಳಿಗೆ ಸುದ್ದಿ ಹೇಳಿದವಳು ಅತ್ತೆ. ಲಾಲಬಿ ಅಂಗಳದಲ್ಲಿ ರಾಜಗಿರಿ ಸೊಪ್ಪು ಸೋಸುತ್ತ ಕೂತಿದ್ದಳು. ಒಳಗಿನ ಮಾತು ಕೇಳುತ್ತಿರಲಿಲ್ಲ, ಆದರೆ ಒಮ್ಮೆ ಮಾತು ನಿಂತದ್ದು ಕೇಳಿತು. ಈಗ ಬರುತ್ತಾಳೆ, ಸೆಟೆದುಕೊಂಡು ಬರುತ್ತಾಳೆ, ಕೊಡ ಕುಕ್ಕುತ್ತಾಳೆ. ಏನು ಹೇಳಬೇಕೆಂದು ಅವಳು ಮಾತುಗಳನ್ನು ಜೋಡಿಸಿಟ್ಟುಕೊಂಡಳು: ನಾ ಏನ್ ಮಾಡ್ಲಿ ತಂಗಿ, ಲೆಕ್ಕ ಹಂಗ ಬಂತು. ಅಬಿದಾ ಬಂದಳು. ಬಂದವಳು ಅವಳ ಮಗ್ಗುಲಿಗೆ, ಸೊಪ್ಪಿನ ಮೇಲೆಯೇ ಎನ್ನುವಷ್ಟು ಹತ್ತಿರ ಕೂತು, ಅವಳ ತೋಳು ಹಿಡಿದು ಮುಖವನ್ನು ಅದಕ್ಕೆ ಒತ್ತಿದಳು.

"ಅಕ್ಕಾ, ಛಲೋ ಆತು ನೋಡ. ನಿನಗ ಆತು, ನಂಗೂ ಆತು."

ಲಾಲಬಿಗೆ ಅರ್ಥವಾಗಲಿಲ್ಲ. ಅಬಿದಾ ದನಿ ತಗ್ಗಿಸಿ ಹೇಳತೊಡಗಿದಳು. ಹೋದ ಸಲ ಬಂದಾಗ ಅಣ್ಣ ಅಂದಿದ್ದನಂತೆ: ನಿಮ್ಮ ಭಾವ ಗೆರೆ ಹಾಕ್ಯಾರ, ಇನ್ನ ನಮ್ಮ ಎತ್ತಿಗೂ ಸುಖ, ನನಗೂ ಸುಖ, ನೀನ ಹತ್ತಿ ಬಾ ನೀನ ಹತ್ತಿ ಹೋಗು. ನಗುತ್ತ ಹೇಳಿದ್ದ. ಆದರೆ ಅಂದಿನಿಂದ ಅವಳಿಗೆ ಊಟ ಸೇರಿರಲಿಲ್ಲ. ಹಳ್ಳ ದಾಟುವಾಗ ಅಣ್ಣ ಇಳಿದು ಎತ್ತಿನ ಮೂಗುದಾರ ಹಿಡಿಯುತ್ತಾನೆ, ಚಕ್ಕಡಿಯಲ್ಲಿ ಉಳಿಯುವುದು ತಾನೊಬ್ಬಳೇ, ಆಗ ಅವನು ಮನೆಯ ಸುದ್ದಿ ಒಂದೊಂದೇ ಹೇಳುತ್ತಾನೆ. ಅತ್ತಿಗೆಯೆದುರು ಹೇಳದ್ದನ್ನೂ ಹೇಳುತ್ತಾನೆ. ಮನೆ ಮುಟ್ಟಿದ ಮೇಲೆ ಅವನು ಅತ್ತಿಗೆಯ ಗಂಡ, ಮಕ್ಕಳ ಅಪ್ಪ; ದಾರಿಯಲ್ಲಿ ಮಾತ್ರ ತನ್ನ ಅಣ್ಣ. "ಭಾವನ ಮುಂದ ಕುಂತು ದಾರಿ ಹೇಳಿದಾಕಿ ನಾನ. ಹೇಳೂ ಮುಂದ ಸಂತೋಷ ಇತ್ತು. ಆಮ್ಯಾಲ ತಿಳೀತು, ನನ್ನ ದಾರಿ ನಾನ ಕೊಟ್ಟೆ ಅಂತ. ಯಾರ ಮುಂದ ಹೇಳ್ಲಿ ಅಕ್ಕಾ? ಬಸ್ ಬ್ಯಾಡ ಅಂದ್ರ ನಗೂದಿಲ್ಲೇನು?" ಅವಳು ಕಣ್ಣು ಒರೆಸಿಕೊಂಡು ನಕ್ಕಳು. "ಇನ್ನ ಹದಿನೈದು ವರ್ಷ ಅಣ್ಣ ಬರಾಕ ಬೇಕು. ಬರಲಿ, ಮುದುಕ ಆಗಿ ಬರಲಿ."

ಸೊಪ್ಪಿನ ದಂಟು ಲಾಲಬಿಯ ಕೈಯಲ್ಲಿ ಮುರಿಯುತ್ತಲೇ ಇತ್ತು. ಎಳೆಯದೂ ಬಲಿತದ್ದೂ ಒಂದೇ ಕಡೆ ಬೀಳುತ್ತಿದ್ದವು. ಕಸಿದುಕೊಂಡೆನೆಂದು ತಾನು ಅಂದುಕೊಂಡದ್ದು ಅಬಿದಾಳ ಮಡಿಲಿಗೆ ಬಿದ್ದಿದೆ. ಹದಿನೈದು ವರ್ಷದ ಎತ್ತಿನ ಸದ್ದು, ಹದಿನೈದು ವರ್ಷದ ಕಟ್ಟೆಯ ಮೇಲಿನ ಮಾತು, ತಾನು ಬಡಿಯಬೇಕಾದ ರೊಟ್ಟಿ. ತನಗೆ ಸಿಕ್ಕಿದ್ದು ಬಸ್ಸು. ಅದರಲ್ಲಿ ಡ್ರೈವರ್ ಯಾರೋ, ಕಂಡಕ್ಟರ್ ಯಾರೋ, ಎಲ್ಲಿಗೆ ಎಂದು ಕೇಳುತ್ತಾನೆ, ಯಾಕೆ ಎಂದು ಕೇಳುವುದಿಲ್ಲ. ಬಸ್ಸು ಬಂದರೆ ಅಣ್ಣ ಫಕೀರಸಾಬನಿಗೆ ಬಾರದಿರಲು ಇನ್ನು ನೆವವೂ ಬೇಕಾಗುವುದಿಲ್ಲ. ಕರೆಯಲು ಯಾರೂ ಇಲ್ಲದವಳು ಎಂಬುದು ಕೆಂಪು ಗೆರೆಯಾಗಿ ನಕ್ಷೆಯ ಮೇಲೆ ಬಿದ್ದಿದೆ, ನಾಳೆ ಅದಕ್ಕೆ ಶಾಯಿ ಹಾಕುತ್ತಾರೆ. ಎದೆಯ ಕೆಳಗೆ ಪಕ್ಕೆಲುಬು ಕೂಡುವಲ್ಲಿ ಬೆಳಗಿನಿಂದ ಇದ್ದ ಉರಿ ಆರಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ. ಅಬಿದಾಳ ಕೈ ಇನ್ನೂ ಅವಳ ತೋಳಿನ ಮೇಲಿತ್ತು, ಬೆಚ್ಚಗೆ, ನಂಬಿಕೆಯಿಂದ. ಅಕ್ಕಾ ಎಂದು ಕರೆದ ಬಾಯಿ ತನ್ನ ಗುಟ್ಟು ಹೇಳಲು ಈ ಮನೆಯಲ್ಲಿ ಅವಳನ್ನೇ ಆರಿಸಿಕೊಂಡಿತ್ತು. ಆ ಬಿಸಿ ತಾಳಲಾರದೆ ಲಾಲಬಿ ಎದ್ದಳು.

ಏಳುವಾಗ ತಾನು ಏನು ಮಾಡಹೊರಟಿದ್ದೇನೆಂದು ಅವಳಿಗೆ ಗೊತ್ತಿತ್ತು. ಪಡಸಾಲೆ ಮುಟ್ಟುವಷ್ಟರಲ್ಲಿ ಅದಕ್ಕೆ ಒಳ್ಳೆಯ ಹೆಸರುಗಳೂ ಸಿಕ್ಕವು. ಖರೇ ಮಾತು, ಮುಖ ತಿರುಗಿಸಿ ಕೂತ ಗಂಡಸರ ಬೆನ್ನ ಹಿಂದೆ ನಡೆದುಹೋದ ಅಷ್ಟೂ ಹೆಂಗಸರು, ಸುಮ್ಮನೆ ಬೈಸಿಕೊಂಡ ಮಾಳಿಂಗಪ್ಪ. ಅವ್ವನ ಮಂಜುಗಣ್ಣು ಅಡ್ಡ ಬಂತು. ಅದನ್ನೂ ದಾಟಿದಳು.

"ಹಿಪ್ಪರಗ್ಯಾಗೂ ಎಣಿಸಿಲ್ರಿ" ಎಂದಳು. "ಯಾವ ಊರಾಗೂ ಹೆಣ್ಮಕ್ಕಳನ್ನ ಎಣಿಸಿಲ್ಲ. ಮಾಳಿಂಗಪ್ಪ ಹೇಳಿದ್ದ. ನಾನ ಹೇಳಿದ್ದಿಲ್ಲ."

ಮೋದಿನಸಾಬ ತಲೆಯೆತ್ತಿ ನೋಡಿದ. ಯಾಕೆ ಹೇಳಲಿಲ್ಲವೆಂದು ಕೇಳಲಿಲ್ಲ. ಕೇಳದೆಯೇ ತಿಳಿದವನಂತೆ ಅವನ ಕಣ್ಣು ಮೆತ್ತಗಾಯಿತು. ಹಾಗಾದರೆ ಎಲ್ಲಾ ಊರೂ ದುಪ್ಪಟ್ಟು, ಲೆಕ್ಕ ಮೊದಲಿನಂತೆಯೇ ನಿಂತಿತು, ಹಿಪ್ಪರಗಿ ಮುಂದೆ ಹುಣಶಿಮಡ್ಡಿ ಹಿಂದೆ ಎಂದು ನಿಧಾನವಾಗಿ, ಪೆಟ್ಟಾದವರಿಗೆ ಹೇಳುವಂತೆ ಹೇಳಿದ. ಗೊತ್ತು ಎಂದಳು. ಅವನು ರಬ್ಬರು ಹುಡುಕುತ್ತ, ಬೇರೆ ಯಾರಾದರೂ ಆಗಿದ್ದರೆ ತಮ್ಮ ಊರಿನ ಸ್ವಾರ್ಥಕ್ಕೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು ಎಂದ. ಇನ್ನು ಮುಂದೆ ಎಣಿಕೆಯಲ್ಲಿ ಹೆಣ್ಣುಮಕ್ಕಳು ಬರಲೇಬೇಕು, ಅಗಸಿಯಲ್ಲಿ ಎಣಿಸಲು ಹೆಂಗಸರನ್ನೇ ಕೂಡಿಸಬೇಕು ಎಂದು ನಾಳೆ ಗುರಿಗಳ ಸಾಲಿನಲ್ಲಿ ಒಂದು ಗುರಿಯನ್ನೇ ಸೇರಿಸುತ್ತೇನೆ ಎಂದ. "ಇದು ನಿಂದು" ಎಂದ, ಆ ಮೆತ್ತನೆಯ, ಉದ್ದಕ್ಕೆ ಹರಿಯುವ ದನಿಯಲ್ಲಿ. ಇಷ್ಟು ವರ್ಷ ಅವಳು ಒಲೆಯ ಮುಂದೆ ಕಾದಿದ್ದ ದನಿ ಕೊನೆಗೂ ಅವಳ ಕಡೆಗೆ ಬಂತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕಾಯಿತು.

ಅಬಿದಾ ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದು ನಿಂತಳೋ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಲಾಲಬಿಯನ್ನು ನೋಡುತ್ತಿದ್ದ ಬಗೆಯಲ್ಲಿ ಒಂದು ಪ್ರಶ್ನೆ ಹುಟ್ಟಿ, ಉತ್ತರ ಸಿಕ್ಕಿ, ಮುಗಿದುಹೋಗಿತ್ತು. ನಂತರ ಅವಳು ಅಲ್ಲೇ ಹೊಸಿಲ ಮೇಲೆ ಕೂತು ಅಳತೊಡಗಿದಳು. ಭಾವನಿದ್ದಾನೆ ಎಂಬುದನ್ನೂ ಮರೆತು, ಬಾಯಿ ತೆರೆದು, ಮಕ್ಕಳಂತೆ ಸದ್ದು ಮಾಡಿ ಅತ್ತಳು. ಮೋದಿನಸಾಬ ಗಾಬರಿಯಾಗಿ, ಬಸ್ಸು ನಿಮ್ಮೂರಿಗೇ ಬಂತಲ್ಲವಾ, ಯಾಕೆ ಅಳುತ್ತಿ ಎಂದು ತಾಯಿಯ ಮೂಲಕವೂ ಅಲ್ಲದೆ ನೇರವಾಗಿಯೇ ಕೇಳಿದ. ಸಂತೋಷಕ್ಕ ಅಳ್ತಾಳ ಬಿಡೋ ಎನ್ನುತ್ತ ಖಾತುನಬಿ ಎದ್ದು ಹೋಗಿ ಸೊಸೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು, ಒರಟು ಕೈಯಿಂದ ಕೂದಲು ನೇವರಿಸಿದಳು. ಲಾಲಬಿ ಗೋಡೆಗೆ ಬೆನ್ನು ಹಚ್ಚಿ ನಿಂತು ನೋಡಿದಳು. ಅಣ್ಣ ಬಾರದ ಮೊದಲ ಪಂಚಮಿಯ ದಿನ ತಾನು ಮಧ್ಯಾಹ್ನದವರೆಗೆ ಕಾದು, ಆಮೇಲೆ ಎದ್ದು, ಎಲ್ಲರಿಗೂ ಬಡಿಸಿ, ತಾನೂ ಉಂಡಿದ್ದಳು. ಆ ದಿನ ಹೀಗೆ ಅಳಬಹುದಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅತ್ತೆಯ ಕೈ ಕೂದಲ ಮೇಲೆ ಹೋಗಿ ಬರುತ್ತಿತ್ತು. ಆ ಕೈಯನ್ನು ಅವಳು, ಬೆಳಿಗ್ಗೆ ಗೆರೆಯನ್ನು ನೋಡಿದಂತೆ, ಕಣ್ಣು ಕೀಳದೆ ನೋಡುತ್ತ ನಿಂತಳು.